ಇಂದು ಯಾರ ಸರದಿ?

ಜೂನ್ ತಿಂಗಳಲ್ಲಿ ಶಾಲೆ ತೆರೆದು ನಾಲ್ಕು ಹದ ಮಳೆ ಬಿದ್ದರೆ ಸಾಕು, ಸಸಿ ನೆಡುವ ಹುರುಪು ಊರೂರಿಗೂ ಹಬ್ಬುತ್ತದೆ. ಜೂನ್ 5ಕ್ಕೆ ವಿಶ್ವ ಪರಿಸರ ದಿನ. ಅದರ ಬೆನ್ನಿಗೇ ಜುಲೈ ಮೊದಲ ವಾರದಲ್ಲಿ, 1950ರಲ್ಲಿ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ. ಗುಂಡಿ ತೋಡಲು, ಗೊಬ್ಬರ ಹಾಕಲು, ಸಸಿ ಹೊರಲು ಆ ದಿನಗಳಲ್ಲಿ ಕೈಗಳಿಗೆ ಕೊರತೆಯಿಲ್ಲ. ಅದು ಸಂತೋಷದ ಮಾತೇ. ಆದರೆ ಶಾಲೆಯ ಕೈತೋಟವನ್ನು ಉಳಿಸುವುದು ಮರುದಿನದಿಂದ ಶುರುವಾಗುವ ಸರದಿ. ಇಂದು ನೀರು ಹಾಕುವವರು ಯಾರು, ನಾಳೆ ಕಳೆ ಕೀಳುವವರು ಯಾರು ಎಂಬುದು ತೀರ್ಮಾನವಾಗಿರುವ ಶಾಲೆಯಲ್ಲಿ ತೋಟ ಉಳಿಯುತ್ತದೆ.

ತೋಟ ಕಲಿಸುವ ಪಾಠಗಳೆಲ್ಲ ಈ ದಿನದಿನದ ಕೆಲಸದೊಳಗೇ ಇವೆ. ಹರಿವೆ ಬಿತ್ತಿದರೆ ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. ಬದನೆ ಎರಡು ತಿಂಗಳಿಗೂ ಹೆಚ್ಚು ಕಾಯಿಸುತ್ತದೆ. ಬೀಜದಿಂದೆದ್ದ ಕರಿಬೇವು ಒಗ್ಗರಣೆಗೆ ಧಾರಾಳವಾಗಿ ಎಲೆ ಕೊಡುವ ಹೊತ್ತಿಗೆ ನೆಟ್ಟ ಮಗು ಮೇಲಿನ ತರಗತಿಗೆ ಹೋಗಿರುತ್ತದೆ. ಒಂದೊಂದು ಗಿಡಕ್ಕೂ ಅದರದೇ ಕಾಲವಿದೆ ಎಂಬುದನ್ನು ಮಗು ಕಾದೇ ತಿಳಿಯಬೇಕು. ಲೆಕ್ಕದ ಪಾಠವೂ ಇಲ್ಲೇ ಇದೆ. ಗಿಡಕ್ಕೆ ಹಾಕುವ ದ್ರವಗೊಬ್ಬರವಾದ ಜೀವಾಮೃತ 200 ಲೀಟರ್ ಬೇಕಾದರೆ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಮ್ಮ ಶಾಲೆಯ 20 ಲೀಟರ್ ಬಕೆಟ್ಟಿಗೆ ಎಷ್ಟೆಷ್ಟು ಬೇಕು? ಈ ಲೆಕ್ಕ ಮಾಡಿ ತಾನೇ ಬೆಲ್ಲ ತೂಗಿದ ಹುಡುಗಿಗೆ ಅನುಪಾತವೆಂದರೆ ಏನೆಂದು ಮತ್ತೆ ಹೇಳಿಕೊಡಬೇಕಾಗಿಲ್ಲ.

ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವುದು ಕೆಲವೊಮ್ಮೆ ಚಿಟ್ಟೆಯ ಮರಿಹುಳುವಾಗಿರುತ್ತದೆ. ಹಕ್ಕಿಗಳ ಕಣ್ಣು ತಪ್ಪಿಸಲು ಅದು ತೊಟ್ಟ ವೇಷವದು. ಬೆಳೆದಂತೆ ಹಸಿರಾಗಿ ಎಲೆಯ ಬಣ್ಣದಲ್ಲಿ ಬೆರೆತುಹೋಗುತ್ತದೆ. ಹುಳು ಎಲೆ ತಿನ್ನುತ್ತಿದೆ, ಕಿತ್ತೆಸೆಯೋಣವೇ, ಬಿಡೋಣವೇ ಎಂದು ಮಕ್ಕಳು ಗಿಡದ ಸುತ್ತ ನಿಂತು ಚರ್ಚಿಸುವ ಗಳಿಗೆಗಿಂತ ಜೀವಂತವಾದ ವಿಜ್ಞಾನದ ತರಗತಿ ಇನ್ನೆಲ್ಲಿದೆ? ಆದರೆ ಆ ಹುಳು ಕಣ್ಣಿಗೆ ಬೀಳುವುದು ದಿನವೂ ಗಿಡದ ಬಳಿ ಹೋಗುವವರಿಗೆ ಮಾತ್ರ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಈ ತೋಟಕ್ಕೆ ಅಡುಗೆಮನೆಯ ನಂಟೂ ಇದೆ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಿಂದ ಆರಂಭವಾಯಿತು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿಯ ಸಾಲುಗಳಿಗೆ ಜೀವ ತುಂಬುವುದು ಮಾತ್ರ ತಟ್ಟೆ ತೊಳೆದ ನೀರನ್ನು ಕಾಲುವೆ ತೆಗೆದು ಬಾಳೆಯ ಬುಡಕ್ಕೆ ಹರಿಸುವ ಮಕ್ಕಳು, ಬೆಳಿಗ್ಗೆ ಕೊಯ್ದ ನುಗ್ಗೆಸೊಪ್ಪನ್ನು ಸಾರಿಗೆ ಹಾಕುವ ಅಡುಗೆಯ ಅಕ್ಕಂದಿರು. ತಾನು ನೀರೆರೆದ ಸೊಪ್ಪು ತನ್ನ ತಟ್ಟೆಗೆ ಬಂದಾಗ ಸೊಪ್ಪನ್ನು ಬದಿಗೆ ಸರಿಸುವ ಮಗುವೂ ಒಂದು ತುತ್ತು ತಿಂದು ನೋಡುತ್ತದೆ.

ಸರದಿ ಎಂದಾಗ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅದು ಎಲ್ಲರ ಸರದಿ ಆಗಿರಬೇಕು. ತಡವಾಗಿ ಬಂದವನಿಗೆ, ಮನೆಗೆಲಸ ಬರೆಯದವಳಿಗೆ ಶಿಕ್ಷೆಯಾಗಿ ಕಳೆ ಕೀಳಲು ಹೇಳಿದರೆ ಮಣ್ಣಿನ ಕೆಲಸವೆಂದರೆ ಅವಮಾನ ಎಂದು ಕಲಿಸಿದಂತಾಯಿತು. ಸಗಣಿ ಹೊರುವುದು ಸದಾ ಒಂದೇ ಕೇರಿಯ ಮಕ್ಕಳ ಪಾಲಿಗೆ, ಗುಡಿಸುವುದು ಸದಾ ಹೆಣ್ಣುಮಕ್ಕಳ ಪಾಲಿಗೆ, ಗಿಡದ ಹೆಸರು ಬರೆದು ಫಲಕ ಹಚ್ಚುವುದು ಜಾಣರೆನಿಸಿಕೊಂಡವರ ಪಾಲಿಗೆ ಎಂದಾದರೆ, ಊರಿನ ಹಳೆಯ ಅನ್ಯಾಯವನ್ನೇ ಶಾಲೆಯ ಅಂಗಳದಲ್ಲಿ ಮತ್ತೆ ನೆಟ್ಟಂತೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಎಲ್ಲ ಮಕ್ಕಳ ಹೆಸರೂ ಎಲ್ಲ ಕೆಲಸಕ್ಕೂ ಸುತ್ತಿ ಬರಲಿ. ಮುಖ್ಯ ಶಿಕ್ಷಕರ ಹೆಸರೂ ಅದರಲ್ಲಿರಲಿ. ಮೇಷ್ಟ್ರು ಗೊಬ್ಬರದ ಬುಟ್ಟಿ ಎತ್ತುವುದನ್ನು ಕಂಡ ಮಕ್ಕಳಿಗೆ ಸಮಾನತೆಯ ಪಾಠ ಬೇಗ ಅರ್ಥವಾಗುತ್ತದೆ.

ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದ ಮಕ್ಕಳ ತೋಟದಲ್ಲಿ ಪ್ರತಿ ಮಗುವಿಗೂ ಪುಟ್ಟದೊಂದು ಸ್ವಂತ ಪಾತಿ ಇತ್ತು. ಅದರ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಗಳಿದ್ದವು. ಇದು ಇಂದಿಗೂ ಹೊಂದುವ ವ್ಯವಸ್ಥೆ. ಸ್ವಂತ ಪಾತಿಯಲ್ಲಿ ಮಗುವಿಗೆ ಗಿಡದ ಮೇಲೆ ಮಮತೆ ಹುಟ್ಟುತ್ತದೆ. ಎಲ್ಲರ ಪಾತಿಯಲ್ಲಿ, ತನ್ನದಲ್ಲದ ಗಿಡಕ್ಕೂ ನೀರು ಹಾಕುವ ಹೊಣೆ ಅಭ್ಯಾಸವಾಗುತ್ತದೆ. ನಾಳೆ ಊರಿನ ಕೆರೆಯನ್ನು, ರಸ್ತೆಬದಿಯ ಮರವನ್ನು ಕಾಪಾಡಬೇಕಾದವರು ಈ ಮಕ್ಕಳೇ ತಾನೆ.

ಇಷ್ಟೆಲ್ಲ ನಡೆಸಿಕೊಂಡು ಬಂದ ಶಾಲೆಗೂ ಏಪ್ರಿಲ್‌ನಲ್ಲಿ ಕಷ್ಟ ಎದುರಾಗುತ್ತದೆ. ಬಿಸಿಲು ಏರುವ ಹೊತ್ತಿಗೇ ಪರೀಕ್ಷೆ ಮುಗಿದು ರಜೆ ಬರುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ಮೇ ಕೊನೆಯವರೆಗೆ ನೀರಿಲ್ಲ. ಬೇಲಿ ಸಡಿಲವಾದ ಕಡೆ ಮೇಕೆ ನುಗ್ಗುತ್ತದೆ. ಮಕ್ಕಳು ಮರಳಿ ಬಂದಾಗ ಪಾತಿಯಲ್ಲಿ ಒಣಕಡ್ಡಿಗಳಿದ್ದರೆ, ಇಡೀ ವರ್ಷದ ಆರೈಕೆಗೆ ಬೆಲೆಯಿಲ್ಲ ಎಂಬ ಪಾಠವನ್ನು ಅವರು ಕಲಿತುಬಿಡುತ್ತಾರೆ. ಸ್ವಯಂಸೇವಕರು ನಿಜವಾಗಿ ಬೇಕಾಗುವುದು ಇಲ್ಲಿ. ಶಾಲೆಯ ಹಳೆ ವಿದ್ಯಾರ್ಥಿಗಳು, ನಿವೃತ್ತರು, ಸ್ತ್ರೀಶಕ್ತಿ ಸಂಘದವರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರು ವಾರಕ್ಕೊಂದು ಸಂಜೆಯಂತೆ ಹಂಚಿಕೊಂಡರೂ ತೋಟ ಬೇಸಿಗೆ ದಾಟುತ್ತದೆ. ರಜೆಗೆ ಮೊದಲೇ ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿ, ಗಿಡದ ಪಕ್ಕ ಮಣ್ಣಿನ ಮಡಕೆ ಹೂತು ನೀರು ತುಂಬಿಸುತ್ತಿದ್ದರೆ ತೇವ ಬೇಗ ಆರುವುದಿಲ್ಲ. ಹತ್ತಿರದಲ್ಲೇ ಮನೆಯಿರುವ ಮಕ್ಕಳೂ ಖುಷಿಯಿಂದ ಕೈಜೋಡಿಸುತ್ತಾರೆ. ಹಿರಿಯರೊಬ್ಬರು ಜೊತೆಗಿದ್ದರೆ ಬಾವಿ, ತೊಟ್ಟಿಗಳ ಭಯವೂ ಇರುವುದಿಲ್ಲ.

ಹೀಗೆ ಬರುವ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳ ಕೈಯ ಗುದ್ದಲಿಯನ್ನು ನೀವು ತೆಗೆದುಕೊಳ್ಳಬೇಡಿ. ಅವರು ತೋಡಿದ ಸಾಲು ಸೊಟ್ಟಗಿರಲಿ, ಬೀಜ ಒಂದೆಡೆ ಒತ್ತಾಗಿ ಬಿದ್ದಿರಲಿ. ಒತ್ತಾಗಿ ಮೊಳೆತ ಸಸಿಗಳನ್ನು ಕಿತ್ತು ಬಿಡಿಬಿಡಿಯಾಗಿ ನೆಡುವಾಗ ಅಂತರ ಏಕೆ ಬೇಕೆಂದು ಅವರಿಗೇ ಹೊಳೆಯುತ್ತದೆ. ನಿಮ್ಮ ತಾತ ಬೀಜವನ್ನು ಬೂದಿಯಲ್ಲಿ ಕಲಸಿಡುತ್ತಿದ್ದ ಕಾರಣ ಹೇಳಿ, ಅಜ್ಜಿ ಒಂದೆಲಗವನ್ನು ಯಾವುದಕ್ಕೆ ಅರೆಯುತ್ತಿದ್ದರೆಂದು ಹೇಳಿ. ಕೆಲಸ ಮಾತ್ರ ಮಕ್ಕಳದ್ದಾಗಿರಲಿ.

ನಿಮ್ಮೂರಿನ ಶಾಲೆಗೆ ಒಂದು ಸಸಿ ಕೊಡುವ ಮನಸ್ಸಿದ್ದರೆ ಖಂಡಿತ ಕೊಡಿ. ಕೊಡುವಾಗಲೇ ಮುಖ್ಯ ಶಿಕ್ಷಕರನ್ನು ಕಂಡು, ದಸರಾ ರಜೆಯಲ್ಲಿ ಎರಡು ದಿನ, ಬೇಸಿಗೆ ರಜೆಯಲ್ಲಿ ವಾರಕ್ಕೊಂದು ಸಂಜೆ ನಿಮ್ಮ ಹೆಸರಿಗೆ ಬರೆಸಿ ಬನ್ನಿ. ಊರಿನ ಹತ್ತು ಮನೆಯವರು ಹೀಗೆ ಹೆಸರು ಬರೆಸಿದರೆ ಮುಂದಿನ ಜೂನ್‌ನಲ್ಲಿ ಆ ಶಾಲೆ ಮತ್ತೆ ಮೊದಲಿನಿಂದ ಗುಂಡಿ ತೋಡಬೇಕಾಗಿಲ್ಲ. ಶುರುಮಾಡಿದ ಕೆಲಸವನ್ನು ಹಿರಿಯರು ಅರ್ಧಕ್ಕೆ ಬಿಡುವುದಿಲ್ಲ ಎಂಬ ಭರವಸೆ ಮಕ್ಕಳಿಗೆ ನಮ್ಮಿಂದಲೇ ಸಿಗಬೇಕು.