ಅಲೆಯುವ ಮನಸ್ಸು, ಅರಿಯುವ ಸಾಕ್ಷಿ
ಶ್ರೀಮದಾಚಾರ್ಯರು ‘ಸದಾಚಾರಸ್ಮೃತಿ’ಯಲ್ಲಿ ನಿತ್ಯಾಹ್ನಿಕವನ್ನು ನಿರೂಪಿಸಿರುವರು. ಆದರೂ ಸಂಧ್ಯಾವಂದನೆಗೆ ಕುಳಿತು ಬೆರಳು 108 ಎಣಿಸುತ್ತಿರಲು, ನಮ್ಮ ಮನಸ್ಸು ಕಚೇರಿಯ ಕಡತದಲ್ಲೋ ಮಗಳ ಮದುವೆಯ ಚಿಂತೆಯಲ್ಲೋ ಅಲೆಯುವುದುಂಟು. ಇಂತಹ ಜಪವು ವ್ಯರ್ಥವೇ? ಅಲ್ಲವೆಂದೇ ನಮಗೆ ತೋರುತ್ತದೆ. ಮನಸ್ಸು ಅಲೆಯಿತೆಂದು ಅರಿತವರಾರು? ಅಲೆದ ಮನಸ್ಸಲ್ಲ. ಸುಖದುಃಖಗಳನ್ನೂ ಮನೋವೃತ್ತಿಗಳನ್ನೂ ನೇರವಾಗಿ ಅರಿಯುವ ಸ್ವರೂಪೇಂದ್ರಿಯವನ್ನು ನಮ್ಮ ಸಿದ್ಧಾಂತವು ಸಾಕ್ಷಿಯೆಂದು ಕರೆಯುತ್ತದೆ. ದಿನವಿಡೀ ಮನಸ್ಸಿನೊಡನೆ ಓಡುವ ನಾವು, ಆಸನದಲ್ಲಿ ಕುಳಿತಾಗ ಅದರ ಓಟವನ್ನು ಕಾಣುತ್ತೇವೆ. ನಮ್ಮ ಪರಿಚಯ ನಮಗಾಗುವುದು ಆಗಲೇ. ಅದನ್ನು ನಿಲ್ಲಿಸಲು ನಾವು ಸ್ವತಂತ್ರರಲ್ಲವೆಂಬ ಅರಿವೂ ಅಲ್ಲಿಯೇ ಮೂಡುವುದು. ಬಿಂಬನಾದ ಶ್ರೀಹರಿಗೆ ಶರಣಾಗಲು ಅದು ಮೊದಲ ಮೆಟ್ಟಿಲು. ಆದುದರಿಂದ ಚಿತ್ತವು ಚಂಚಲವೆಂಬ ನೆಪದಿಂದ ಆಸ್ತಿಕರು ಆಹ್ನಿಕವನ್ನು ಬಿಡಲಾಗದು.
ಶ್ರೀಕೃಷ್ಣಾರ್ಪಣಮಸ್ತು.