ಕೊರತೆಯ ಕರ್ತೃ ಯಾರು?

ಕೈಯಲ್ಲಿರುವ ಹಣ ಎಲ್ಲರಿಗೂ ಸಾಲದಿದ್ದಾಗ ಯಾರಿಗೆ ಮೊದಲು ಕೊಡಬೇಕು, ಯಾರನ್ನು ಕಾಯಿಸಬೇಕು? ನಾನು ನಿವೃತ್ತ ವಿತ್ತಾಧಿಕಾರಿ. ರಾಜ್ಯ ಲೆಕ್ಕಪತ್ರ ಇಲಾಖೆಯಿಂದ ನಿಯೋಜನೆಯ ಮೇಲೆ ಹೋಗಿ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ತಿಜೋರಿ ನೋಡಿಕೊಂಡವನು. ಸಿಂಡಿಕೇಟ್ ಸಭೆಯಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಸದಸ್ಯರು ನನ್ನ ಮುಖ ನೋಡುತ್ತಿದ್ದರು, ಉತ್ತರ ಲೆಕ್ಕದ ಪುಸ್ತಕದಲ್ಲಿದೆ ಎಂಬಂತೆ. ಎಷ್ಟು ಕಡಿಮೆ ಬಿದ್ದಿದೆ ಎಂದು ಲೆಕ್ಕ ಹೇಳಬಲ್ಲದು. ಆ ಕಡಿಮೆಯನ್ನು ಯಾರ ಮನೆಯಿಂದ ಕಿತ್ತುಕೊಳ್ಳಬೇಕು ಎಂಬುದು ಧರ್ಮದ ಪ್ರಶ್ನೆ. ಅದನ್ನು ಲೆಕ್ಕದ ಪ್ರಶ್ನೆಯೆಂದು ನಟಿಸುವುದರಲ್ಲೇ ನಮ್ಮ ಅಧರ್ಮ ಶುರುವಾಗುತ್ತದೆ.

ಪಾವತಿಯ ಸಾಲು ಹೇಗಿರುತ್ತದೆ ನೋಡಿ. ಕಾಯಂ ನೌಕರರ ಸಂಬಳ ಸರ್ಕಾರದ ಅನುದಾನದಿಂದ ಬರುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಆಂತರಿಕ ಸಂಪನ್ಮೂಲದ ಮೇಲೆ, ಅಂದರೆ ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ, ಸಂಯೋಜನೆ ಶುಲ್ಕಗಳ ಮೇಲೆ ನಿಂತಿದೆ. ಆ ಹಣದಲ್ಲಿ ಮೊದಲು ವಿದ್ಯುತ್ ಬಿಲ್, ಏಕೆಂದರೆ ಕಟ್ಟದಿದ್ದರೆ ಫ್ಯೂಸ್ ಕೀಳುತ್ತಾರೆ. ಆಮೇಲೆ ಪ್ರಶ್ನೆಪತ್ರಿಕೆ ಮುದ್ರಣ ಮತ್ತು ಮೌಲ್ಯಮಾಪನ, ಏಕೆಂದರೆ ಫಲಿತಾಂಶ ತಡವಾದರೆ ವಿದ್ಯಾರ್ಥಿಗಳು ಗೇಟಿನ ಮುಂದೆ ಕೂರುತ್ತಾರೆ. ಆಮೇಲೆ ಪಿಂಚಣಿಯ ಕೊರತೆ ತುಂಬುವುದು, ಏಕೆಂದರೆ ನಿವೃತ್ತರಿಗೆ ನಿಯಮ ಗೊತ್ತು, ಹೈಕೋರ್ಟಿನ ದಾರಿಯೂ ಗೊತ್ತು. ನಂತರ ನ್ಯಾಯಾಲಯದಲ್ಲಿ ಆದೇಶ ಪಡೆದ ಗುತ್ತಿಗೆದಾರರು. ಇವರೆಲ್ಲ ಆದ ಮೇಲೆ ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ. ಕಟ್ಟಕಡೆಗೆ ಅತಿಥಿ ಉಪನ್ಯಾಸಕರ ಗೌರವಧನ, ಅದೂ ಪರೀಕ್ಷಾ ಶುಲ್ಕ ಜಮೆಯಾದ ಮೇಲೆ.

ಈ ಸಾಲನ್ನು ಯಾವ ತತ್ತ್ವ ಕಟ್ಟಿದೆ? ಹೆಚ್ಚು ಹಸಿದವರು ಮುಂದಿಲ್ಲ, ಹೆಚ್ಚು ದುಡಿದವರೂ ಮುಂದಿಲ್ಲ. ಹಣ ಸಿಗದಿದ್ದರೆ ನಮಗೆ ಹೆಚ್ಚು ತೊಂದರೆ ಕೊಡಬಲ್ಲವರು ಮುಂದಿದ್ದಾರೆ. ಶಾಂತಿಪರ್ವದಲ್ಲೂ ಕೌಟಿಲ್ಯನಲ್ಲೂ ಇದಕ್ಕೊಂದು ಹೆಸರಿದೆ: ಮತ್ಸ್ಯನ್ಯಾಯ. ರಾಜನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ, ಅದನ್ನು ತಡೆಯಲೆಂದೇ ರಾಜ್ಯವೆಂಬುದು ಬೇಕು ಎಂದು ಅವರು ವಾದಿಸಿದರು. ನಮ್ಮಲ್ಲಿ ರಾಜ್ಯವೂ ಇದೆ, ಕಾಯಿದೆಯೂ ಇದೆ, ಹಣಕಾಸು ಸಮಿತಿಯೂ ಇದೆ. ಆದರೂ ಟಿಪ್ಪಣಿ ಹಾಳೆಯಲ್ಲಿ, ಕ್ರಮಸಂಖ್ಯೆ ಹಾಕಿ, ಮತ್ಸ್ಯನ್ಯಾಯವನ್ನೇ ಬರೆದು ಮಂಡಿಸುತ್ತೇವೆ.

ಒಮ್ಮೆ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿಯೊಬ್ಬರು ನನ್ನ ಕೋಣೆಗೆ ಬಂದರು. ಹಲವು ತಿಂಗಳ ಹಣ ಬಾಕಿ ಇತ್ತು. ಅವರು ಅದನ್ನು ಕೇಳಲೇ ಇಲ್ಲ. "ಸರ್, ನಮ್ಮ ದುಡ್ಡು ಯಾವ ಲೆಕ್ಕಶೀರ್ಷಿಕೆ ಕೆಳಗ ಬರ್ತದ್ರಿ?" ಎಂದರು. "ಸಾದಿಲ್ವಾರು" ಎಂದೆ. ಫಿನಾಯಿಲ್, ಚಹಾ, ಕಾಗದದ ಖರ್ಚೂ ಅದರಲ್ಲೇ ಬರುತ್ತದೆ. ಅವರು ತಲೆಯಾಡಿಸಿ ಎರಡು ಗಂಟೆಯ ಕ್ಲಾಸಿಗೆ ಹೊರಟರು. ಬಾಕಿಯ ಬಗ್ಗೆ ಮೇಲಿನವರ ಹತ್ತಿರ ಮಾತೆತ್ತಿದಾಗ ಬಂದ ಉತ್ತರ ನಾನು ಎರಡೂ ಕಡೆ ಕೇಳಿದ್ದೇ ಆಗಿತ್ತು: "ಏನ್ ಮಾಡೂಣ್ರಿ, ನಾವು ನಿಮಿತ್ತ ಮಾತ್ರ."

ನಿಮಿತ್ತ ಎಂಬುದು ಗೀತೆಯ ಹನ್ನೊಂದನೆಯ ಅಧ್ಯಾಯದ ಮಾತು. ನಮ್ಮ ಕಚೇರಿಗಳಿಗೆ ಅದು ಬಾಯಿಪಾಠ. ಹದಿನೆಂಟನೆಯ ಅಧ್ಯಾಯದ ತನಕ ಓದಿದವರು ಕಡಿಮೆ. ಅಲ್ಲಿ ಯಾವುದೇ ಕಾರ್ಯಕ್ಕೂ ಐದು ಕಾರಣಗಳನ್ನು ಎಣಿಸಲಾಗಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದಾಗಿ ದೈವ. ನಾನೊಬ್ಬನೇ ಮಾಡಿದೆ ಎಂಬ ಅಹಂಕಾರ ಮುರಿಯಲು ಹೇಳಿದ ಮಾತು ಅದು. ನಾನು ಏನನ್ನೂ ಮಾಡಲಿಲ್ಲ ಎಂದು ಕೈತೊಳೆಯಲು ಅದು ಪರವಾನಗಿ ಕೊಡುವುದಿಲ್ಲ. ಕರ್ತೃ ಆ ಪಟ್ಟಿಯಲ್ಲಿ ಎರಡನೆಯವನು, ದೈವ ಕೊನೆಯದು.

ನಮ್ಮ ವಿಶ್ವವಿದ್ಯಾಲಯಗಳ ಕೊರತೆಯನ್ನು ಇದೇ ಪಟ್ಟಿಯಲ್ಲಿಟ್ಟು ನೋಡಬಹುದು. ಬರ, ಕೋವಿಡ್ ಇವನ್ನು ದೈವದ ಖಾತೆಗೆ ಬರೆಯೋಣ. ಮಿಕ್ಕದ್ದು? ಪ್ರಾಧ್ಯಾಪಕರು ನಿವೃತ್ತರಾದರು, ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಸಹಮತಿ ಸಿಗಲಿಲ್ಲ, ಖಾಲಿ ಜಾಗಕ್ಕೆ ಅತಿಥಿಗಳು ಬಂದರು. 2006ರ ಏಪ್ರಿಲ್ 1ಕ್ಕಿಂತ ಮುಂಚೆ ಸೇರಿದವರಿಗೆಲ್ಲ ಹಳೆಯ ಪಿಂಚಣಿ ಉಂಟೆಂಬುದು ಅವರು ಸೇರಿದ ದಿನವೇ ಗೊತ್ತಿತ್ತು. ಅದಕ್ಕೆ ತಕ್ಕ ಇಡಿಗಂಟು ಕೂಡಿಸಲಿಲ್ಲ. ಮೇಲಾಗಿ ವಿಶ್ವವಿದ್ಯಾಲಯಗಳನ್ನು ಒಡೆದೆವು. 2017ರಲ್ಲಿ ಬೆಂಗಳೂರು ವಿ.ವಿ. ಮೂರಾಯಿತು. ಆಮೇಲೆ ಹಾಸನದ ಹೇಮಗಂಗೋತ್ರಿ, ಹಾವೇರಿಯ ಕೆರಿಮತ್ತಿಹಳ್ಳಿ, ಕೊಡಗಿನ ಚಿಕ್ಕಅಳುವಾರದ ಸ್ನಾತಕೋತ್ತರ ಕೇಂದ್ರಗಳೇ ವಿಶ್ವವಿದ್ಯಾಲಯಗಳಾದವು. ಸಂಯೋಜಿತ ಕಾಲೇಜುಗಳು ಹೊಸದರ ಪಾಲಾದವು, ಅವುಗಳ ಶುಲ್ಕವೂ ಹೋಯಿತು. ಪಿಂಚಣಿದಾರರು ಮಾತ್ರ ಹಳೆಯ ತಾಯಿಮನೆಯಲ್ಲೇ ಉಳಿದರು. 1916ರಲ್ಲಿ ಹುಟ್ಟಿದ ಮೈಸೂರು ವಿ.ವಿ.ಯೇ ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳನ್ನು ಬಿಟ್ಟುಕೊಟ್ಟು ಪಿಂಚಣಿಗೆ ಹಣವಿಲ್ಲದೆ ಸರ್ಕಾರದ ಬಾಗಿಲಿಗೆ ಹೋಯಿತು. ಕಡೆಗೆ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯ ಮುಂದೆ ಒಂಬತ್ತು ಹೊಸ ವಿ.ವಿ.ಗಳನ್ನು ಮುಚ್ಚುವ ಮಾತೇ ಬಂತು. ಇದರಲ್ಲಿ ಒಂದೂ ಆಕಾಶದಿಂದ ಬಿದ್ದದ್ದಲ್ಲ. ಪ್ರತಿಯೊಂದಕ್ಕೂ ಕಡತವಿದೆ, ಕಡತದಲ್ಲಿ ಸಹಿ ಇದೆ.

ಕರ್ತೃವನ್ನು ಒಪ್ಪಿಕೊಂಡರೂ ಧರ್ಮಸಂಕಟ ತಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ದೀರ್ಘ ಮುಷ್ಕರ ಹೂಡಿದ ಮೇಲೆ 2022ರ ಜನವರಿಯಲ್ಲಿ ಗೌರವಧನ ಏರಿತು. ಯುಜಿಸಿ ಅರ್ಹತೆ ಇದ್ದವರಿಗೆ 13,000 ಇದ್ದದ್ದು, ಐದು ವರ್ಷದ ಸೇವೆಯಾಗಿದ್ದರೆ, 32,000 ಆಯಿತು. ಜೊತೆಗೆ ವಾರದ ಕಾರ್ಯಭಾರ ಎಂಟು ಹತ್ತು ಗಂಟೆಯಿಂದ ಹದಿನೈದಕ್ಕೆ ಹೋಯಿತು. ಒಂದು ಕಾಲೇಜಿನಲ್ಲಿ ವಾರಕ್ಕೆ 120 ಗಂಟೆಯ ಪಾಠವಿದೆ ಎಂದಿಟ್ಟುಕೊಳ್ಳಿ. ತಲಾ ಎಂಟು ಗಂಟೆಯಂತೆ ಹದಿನೈದು ಜನ ಬೇಕಿತ್ತು, ಹದಿನೈದರಂತೆ ಎಂಟು ಜನ ಸಾಕು. ಹಳೆಯ ದರದಲ್ಲಿ ತಿಂಗಳಿಗೆ 1,95,000, ಹೊಸ ದರದಲ್ಲಿ 2,56,000. ಸರ್ಕಾರ ಹೆಚ್ಚೇ ಖರ್ಚು ಮಾಡಿತು, ಎಂಟು ಮನೆಗಳಿಗೆ ಉಸಿರು ಬಂತು, ಏಳು ಜನ ಹೊರಗೆ ನಿಂತರು.

ಹದಿನೈದು ಜನ ಅರೆಹೊಟ್ಟೆ ಇರುವುದು ಸರಿಯೋ, ಎಂಟು ಜನ ಉಂಡು ಏಳು ಜನ ಉಪವಾಸ ಇರುವುದು ಸರಿಯೋ? ನನ್ನ ಮಟ್ಟಿಗೆ ಎಂಟರ ಪಕ್ಷ. ಅರೆಹೊಟ್ಟೆಯನ್ನು ಎಲ್ಲರಿಗೂ ಹಂಚುವುದಕ್ಕೆ ಸಮತೆಯ ಹೆಸರಿಟ್ಟರೆ ಅದು ಎಂದಿಗೂ ಮುಗಿಯುವುದಿಲ್ಲ. ಆದರೆ ಎಂಟನ್ನು ಆರಿಸಿದವನಿಗೆ ಏಳರ ಋಣ ಉಂಟು. ಮುಂಚೆಯೇ ತಿಳಿಸುವುದು, ಸೇವಾ ಪ್ರಮಾಣಪತ್ರ ಕೊಡುವುದು, ಮುಂದಿನ ನೇಮಕದಲ್ಲಿ ವಯಸ್ಸಿನ ರಿಯಾಯಿತಿ ಮತ್ತು ಅನುಭವಕ್ಕೆ ಬೆಲೆ ಕೊಡುವುದು ಅವರಿಗೆ ಸಲ್ಲಬೇಕಾದ ಕನಿಷ್ಠ. ಆಯ್ಕೆಪಟ್ಟಿಯಲ್ಲಿ ಹೆಸರು ಕಾಣದಿದ್ದಾಗಲೇ ಕೆಲಸ ಹೋಯಿತೆಂದು ತಿಳಿಯುವ ಪದ್ಧತಿಯಲ್ಲಿ ಈ ಋಣದ ನೆನಪೇ ಇಲ್ಲ.

ಕಷ್ಟ ಬಂದಾಗ ನಮ್ಮ ವೇದಿಕೆಗಳಲ್ಲಿ ಶರಣರ ಹೆಸರು ಬರುತ್ತದೆ. ಕಾಯಕವನ್ನು ಕೈಲಾಸವೆಂದವನು ಆಯ್ದಕ್ಕಿ ಮಾರಯ್ಯ. ರಾಯಚೂರು ಸೀಮೆಯ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನೊಡನೆ ಕಲ್ಯಾಣಕ್ಕೆ ಬಂದು, ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದವನು. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಗದರಿಸಿ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಕಳಿಸಿದಳೆಂದು ಕಥೆ. ಈ ಕಥೆಯನ್ನು ಅತಿಥಿ ಉಪನ್ಯಾಸಕರಿಗೆ, ಕಸಗುಡಿಸುವವರಿಗೆ ಉಪದೇಶವಾಗಿ ಹೇಳುವುದನ್ನು ಕೇಳಿದ್ದೇನೆ. ಅವರು ಆಗಲೇ ಚೆಲ್ಲಿದ ಅಕ್ಕಿಯ ಮೇಲೇ ಬದುಕುತ್ತಿದ್ದಾರೆ. ಲಕ್ಕಮ್ಮನ ಗದರಿಕೆ ಕಣಜದ ಕೀಲಿ ಇರುವವರ ಮನೆಯಲ್ಲಿ ಕೇಳಿಸಬೇಕು: ಘಟಿಕೋತ್ಸವದ ಶಾಮಿಯಾನದ ಹತ್ತಿರ, ಮಾರ್ಚ್ ತಿಂಗಳಲ್ಲಿ ಅನುದಾನ ಮುಗಿಸಲೆಂದೇ ಕೊಳ್ಳುವ ಕುರ್ಚಿಗಳ ಹತ್ತಿರ, ಹುದ್ದೆಯಿಲ್ಲದ ಹೊಸ ವಿಭಾಗದ ನಾಮಫಲಕದ ಹತ್ತಿರ.

ಬಸವಣ್ಣನವರೂ ಭಂಡಾರಿಯಾಗಿದ್ದವರು. ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿದರೆಂದು ಬಿಜ್ಜಳನಿಗೆ ದೂರು ಹೋಯಿತು, ತಪಾಸಣೆ ಮಾಡಿದರೆ ಲೆಕ್ಕ ಸರಿಯಿತ್ತು ಎಂದು ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಲೆಕ್ಕದವನಾದ ನನಗೆ ಹಿಡಿಸುವುದು ಬೇರೆ ಅಂಶ: ಅವರು ಭಂಡಾರವನ್ನು ತೆರೆದು ತೋರಿಸಲು ಹಿಂಜರಿಯಲಿಲ್ಲ.

ಆಕ್ಷೇಪಣೆಗಳು ನನಗೆ ಗೊತ್ತು. ಪಿಂಚಣಿ ಭಿಕ್ಷೆಯಲ್ಲ, ದುಡಿದವರ ಹಕ್ಕು. ನಾನೂ ಅದರಲ್ಲೇ ಬದುಕುತ್ತಿದ್ದೇನೆ. ಕುರ್ಚಿ, ಶಾಮಿಯಾನ ಉಳಿಸಿದರೆ ಕೋಟಿಗಳ ಕೊರತೆ ತುಂಬುವುದಿಲ್ಲ, ಸರ್ಕಾರ ಕೈ ಬಿಚ್ಚಲೇಬೇಕು. ನ್ಯಾಯವಾಗಿ ಹಂಚಿದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ ನಿಜ. ಆದರೆ ಹಣ ಬರುವ ತನಕ ಕಾಯುವವರು ಯಾರು ಎಂಬುದು ನಮ್ಮ ಕೈಯಲ್ಲೇ ಇದೆ. ಅತಿಥಿಗಳ ಗೌರವಧನ ಒಟ್ಟು ಆಯವ್ಯಯದಲ್ಲಿ ಸಣ್ಣ ಮೊತ್ತ. ಸಣ್ಣದಾದ್ದರಿಂದಲೇ ಅದನ್ನು ತಡೆದರೂ ಸಂಸ್ಥೆಗೆ ಹೆಚ್ಚು ಉಳಿಯುವುದಿಲ್ಲ, ಅವರ ಮನೆಯಲ್ಲಿ ಮಾತ್ರ ಒಲೆ ಹೊತ್ತುವುದಿಲ್ಲ. ಕಾನೂನು ಕಟ್ಟಿಹಾಕಿದೆ ಎನ್ನುವವರು 2006ರ ಉಮಾದೇವಿ ತೀರ್ಪನ್ನು ತೋರಿಸುತ್ತಾರೆ. ಹಿಂಬಾಗಿಲಿನ ನೇಮಕ ತಡೆಯಲು ಬಂದ ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಬೇಡಿ ಎಂದು ಸುಪ್ರೀಂ ಕೋರ್ಟೇ 2024ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. 2025ರ ಆಗಸ್ಟ್‌ನಲ್ಲಿ, ತಿಂಗಳಿಗೆ 30,000 ಪಡೆಯುತ್ತಿದ್ದ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗುರುವನ್ನು ತ್ರಿಮೂರ್ತಿಗಳಿಗೆ ಸಮಾನವೆನ್ನುವ ಶ್ಲೋಕವನ್ನು ಸಮಾರಂಭಗಳಲ್ಲಿ ಹೇಳಿದರೆ ಸಾಲದು, ಶಿಕ್ಷಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂದಿತು.

ಸಿಂಡಿಕೇಟಿನಲ್ಲಿ, ಹಣಕಾಸು ಸಮಿತಿಯಲ್ಲಿ ಕೂರುವವರಿಗೆ ನನ್ನ ಕೋರಿಕೆ ಇಷ್ಟೆ. ಪಾವತಿಯ ಸಾಲನ್ನು ಪ್ರತಿ ತಿಂಗಳು ಸೂಚನಾ ಫಲಕಕ್ಕೆ ಹಾಕಿ. ಆಂತರಿಕ ಸಂಪನ್ಮೂಲದಲ್ಲಿ ಮೊದಲ ಪಾಲು ಅತ್ಯಂತ ಕಡಿಮೆ ಪಡೆಯುವವರಿಗೆ ಕೊಡಿ, ಕಾಯುವುದು ಬಂದರೆ ಸಭಾಭತ್ಯೆ ಪಡೆಯುವವರು ಮೊದಲು ಕಾಯಿರಿ. ಹುದ್ದೆ ಮಂಜೂರಾಗದೆ ಹೊಸ ಕೋರ್ಸಿಗೆ ಒಪ್ಪಿಗೆ ಕೊಡಬೇಡಿ. ಏನು ಮಾಡಿದರೂ "ನಿಮಿತ್ತ ಮಾತ್ರ" ಎನ್ನಬೇಡಿ. ದೈವ ಐದನೆಯ ಕಾರಣ, ಉಳಿದ ನಾಲ್ಕಕ್ಕೆ ಸಹಿ ಹಾಕಿದವರೇ ಉತ್ತರ ಹೇಳಬೇಕು.