ಆಡದವನ ಗೆಲುವು

ಕ್ರೀಡಾಭಿಮಾನದ ಬಗ್ಗೆ ವಿದ್ಯಾವಂತರ ನಡುವೆ ಬಹುಕಾಲದಿಂದ ಚಲಾವಣೆಯಲ್ಲಿರುವ ಒಂದು ನಿಲುವಿದೆ. ಪಂದ್ಯವನ್ನು ಗೆಲ್ಲುವವರು ಮೈದಾನಕ್ಕಿಳಿದ ಆಟಗಾರರು, ಕುಳಿತು ನೋಡಿದವರಿಗೆ ಅದರಲ್ಲಿ ಪಾಲಿಲ್ಲ, ಆದ್ದರಿಂದ ಅವರು ಪಡುವ ಹರ್ಷ ತಮ್ಮದಲ್ಲದ್ದನ್ನು ತಮ್ಮದೆಂದು ಭಾವಿಸಿದ ಭ್ರಮೆ ಎಂಬುದು ಅದರ ಸಾರ. ಈ ನಿಲುವನ್ನು ಹೊತ್ತವರು ಸಾಮಾನ್ಯವಾಗಿ ಅದನ್ನು ವಾದವಾಗಿ ಬೆಳೆಸುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಹುಬ್ಬೇರಿಸಿ, ಸಣ್ಣಗೆ ನಕ್ಕು, ಮಾತನ್ನು ಬೇರೆಡೆಗೆ ತಿರುಗಿಸುತ್ತಾರೆ. ಕೆರಳಿಸುವುದು ಆ ನಗೆಯೇ, ಏಕೆಂದರೆ ಉತ್ತರ ಬೇಡದ ಪ್ರಶ್ನೆಯೆಂಬಂತೆ ಅದು ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ. ಆ ನಿಲುವು ತಪ್ಪೆಂದು ತೋರಿಸುವುದು ಈ ಪ್ರಬಂಧದ ಉದ್ದೇಶ. ಎಷ್ಟರಮಟ್ಟಿಗೆ ತೋರಿಸಲಾಗುತ್ತದೆಂಬುದು ಬೇರೆ ಮಾತು.

ಅಭಿಮಾನವು ಯಾವಾಗಲೂ ಯಾವುದೋ ಒಂದು ತಂಡದ, ಯಾವುದೋ ಒಂದು ಪಂದ್ಯದ ಅಭಿಮಾನವಾಗಿಯೇ ಇರುವುದರಿಂದ, ವಿಚಾರಕ್ಕೆ ಒಂದು ನಿರ್ದಿಷ್ಟ ಪಂದ್ಯವನ್ನು ಆರಿಸಿಕೊಳ್ಳುವುದು ಉಚಿತ. 2024ರ ನವೆಂಬರ್ 30ರಂದು ಅಮೆರಿಕದ ಕೊಲಂಬಸ್ ನಗರದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವನ್ನು ಅದರದೇ ಕ್ರೀಡಾಂಗಣದಲ್ಲಿ 13–10ರಿಂದ ಸೋಲಿಸಿತು. ಇಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯ ಮೈಮೇಲೆ ಬಿದ್ದು ತಡೆಯುವ ಅಮೆರಿಕದ ಆಟ; ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳ ತಂಡಗಳಿಗೆ ಲಕ್ಷ ಜನ ಕೂರುವ ಕ್ರೀಡಾಂಗಣಗಳಿವೆ. ಈ ಎರಡು ತಂಡಗಳು 1897ರಿಂದ ಎದುರುಬದುರಾಗುತ್ತ ಬಂದಿದ್ದು, ಸಾಮಾನ್ಯ ಋತುವಿನ, ಅಂದರೆ ಪ್ರಶಸ್ತಿಯ ಸುತ್ತುಗಳಿಗೆ ಮುನ್ನ ಆಡುವ 12 ಪಂದ್ಯಗಳ ಹಂತದ, ಕೊನೆಯ ಶನಿವಾರವನ್ನು ಪರಸ್ಪರರಿಗೇ ಮೀಸಲಿಟ್ಟಿವೆ. ಅಂದು ಒಹಾಯೊ ಸ್ಟೇಟ್ ದೇಶದ ಎರಡನೆಯ ಶ್ರೇಯಾಂಕದ ತಂಡ. ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಮಿಷಿಗನ್, ತನ್ನ ತರಬೇತುದಾರ ಜಿಮ್ ಹಾರ್ಬಾ ಅವರನ್ನು ವೃತ್ತಿಪರ ಲೀಗಿಗೆ ಕಳೆದುಕೊಂಡು, ಟೆಕ್ಸಸ್, ವಾಷಿಂಗ್ಟನ್, ಇಲಿನಾಯ್, ಒರೆಗಾನ್, ಇಂಡಿಯಾನಾ ಎಲ್ಲರಿಗೂ ಸೋತು, 6 ಗೆಲುವು 5 ಸೋಲಿನ ದೆಸೆಗೆ ಬಂದಿತ್ತು. ಪಣ ಕಟ್ಟುವವರ ಅಂದಾಜಿನಲ್ಲಿ ಅದು ಸುಮಾರು 20 ಅಂಕಗಳಿಂದ ಸೋಲಬೇಕಿತ್ತು. ಚೆಂಡೆಸೆತದಿಂದ ನೂರು ಗಜವನ್ನೂ ಗಳಿಸಲಾರದ ಆ ತಂಡ ಎದುರಾಳಿಯನ್ನು ಮೈಯಿಂದ ಮೈಗೆ ತಡೆದು ನಿಲ್ಲಿಸಿ, ಕೊನೆಯ ಸರದಿಯಲ್ಲಿ ಕಲೆಲ್ ಮಲಿಂಗ್ಸ್‌ನ 27 ಗಜದ ಓಟದಿಂದ ಗೋಲಿನ ಹತ್ತಿರ ಬಂದು, 45 ಸೆಕೆಂಡುಗಳು ಉಳಿದಿರುವಾಗ ಡೊಮಿನಿಕ್ ಜ್ವಾಡಾ ಒದ್ದ 21 ಗಜದ ಫೀಲ್ಡ್ ಗೋಲಿನಿಂದ, ಅಂದರೆ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ಪಡೆಯುವ ಮೂರು ಅಂಕಗಳಿಂದ, ಗೆದ್ದಿತು.

ಈ ಲೇಖಕ ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರಿನಲ್ಲಿ ಓದಿ, ಅಲ್ಲಿಗೆ ಸಮೀಪದಲ್ಲೇ ನೆಲೆಸಿದವನು. ಆ ಚೆಂಡನ್ನು ಅವನು ಎಂದೂ ಮುಟ್ಟಿದವನಲ್ಲ, ಆಟದ ನಿಯಮಗಳನ್ನು ಕಲಿತದ್ದು ದೊಡ್ಡವನಾದ ಮೇಲೆ. ಆದರೂ ಆ ಸಂಜೆ ಅವನಿಗಾದ ಸಂತೋಷ, ತನ್ನ ಸ್ವಂತ ಉದ್ಯೋಗದಲ್ಲಿ ಪಡೆದ ಯಾವ ಯಶಸ್ಸಿನ ಸಂತೋಷಕ್ಕಿಂತಲೂ ಕಡಿಮೆಯದಾಗಿರಲಿಲ್ಲ. ಈ ಅಸಮತೋಲಕ್ಕೆ ಸಮರ್ಥನೆಯುಂಟೇ ಎಂಬುದೇ ಪ್ರಶ್ನೆ.

ಹಳೆಯ ದರ್ಶನಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ನಮ್ಮ ಹತೋಟಿಯಲ್ಲಿಲ್ಲದ್ದಕ್ಕೆ ಮನಸ್ಸು ಕೊಡಬಾರದೆಂದು ಗ್ರೀಸಿನ ಸ್ಟೋಯಿಕರು ಹೇಳುತ್ತಾರೆ. ಫಲದ ಆಸೆ ಬಿಡಬೇಕೆಂದು ಗೀತೆಯ ವ್ಯಾಖ್ಯಾನಕಾರರು ಹೇಳುತ್ತಾರೆ, ಇಲ್ಲಿ ಕರ್ಮವೇ ಇಲ್ಲದ ಫಲಾಪೇಕ್ಷೆ ಇರುವುದರಿಂದ ಅವರ ಅಸಮಾಧಾನ ಇನ್ನೂ ಹೆಚ್ಚಿದ್ದೀತು. ಮನುಷ್ಯ ಗುಂಪುಜೀವಿ ಎಂದು ಹೇಳಿ ಮುಗಿಸುವ ಸಮಾಜವಿಜ್ಞಾನವೂ ಇದೆ. ಇವುಗಳಿಗೆ ನಮಸ್ಕರಿಸಿ ಮುಂದೆ ಹೋಗಬಹುದು. ಸೆಣಸಲು ಯೋಗ್ಯನಾದ ಎದುರಾಳಿ ಒಬ್ಬನೇ: ಭಾಷಾವಿಜ್ಞಾನಿ, ರಾಜಕೀಯ ಚಿಂತಕ ನೋಮ್ ಚಾಮ್‌ಸ್ಕಿ.

ಚಾಮ್‌ಸ್ಕಿಯನ್ನು ಕುರಿತು 1992ರಲ್ಲಿ ಬಂದ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ ಸಾಕ್ಷ್ಯಚಿತ್ರದಲ್ಲಿ ಅವರು ತಮ್ಮ ಪ್ರೌಢಶಾಲೆಯ ದಿನಗಳನ್ನು ನೆನೆಯುತ್ತಾರೆ. ಶಾಲೆಯ ಫುಟ್‌ಬಾಲ್ ತಂಡ ಗೆಲ್ಲಲೆಂದು ತಾನು ಏಕೆ ಹಾರೈಸಬೇಕು, ಆ ತಂಡದಲ್ಲಿ ತನಗೆ ಪರಿಚಯದವರೇ ಇಲ್ಲವಲ್ಲ ಎಂದು ಒಂದು ದಿನ ಥಟ್ಟನೆ ಅವರಿಗೆ ಅನ್ನಿಸಿತಂತೆ. ಈ ಬಾಲ್ಯದ ಬೆರಗಿನ ಮೇಲೆ ಅವರು ಕಟ್ಟುವ ವಾದಕ್ಕೆ ಎರಡು ಅಂತಸ್ತುಗಳಿವೆ. ಮೊದಲನೆಯದು, ಕ್ರೀಡೆ ಜನರ ಗಮನವನ್ನು ಅವರ ಬದುಕನ್ನು ನಿಜವಾಗಿ ನಿರ್ಧರಿಸುವ ಸಂಗತಿಗಳಿಂದ ಬೇರೆಡೆಗೆ ಸೆಳೆಯುತ್ತದೆ ಎಂಬುದು. ಎರಡನೆಯದು ಇನ್ನೂ ಹರಿತವಾದದ್ದು: ಕಾರಣವಿಲ್ಲದೆ ಒಂದು ಗುಂಪಿನ ಪರ ನಿಲ್ಲುವುದನ್ನೂ, ಅಧಿಕಾರಕ್ಕೆ ತಲೆಬಾಗುವುದನ್ನೂ ಕ್ರೀಡೆ ಅಭ್ಯಾಸ ಮಾಡಿಸುತ್ತದೆ, ಅಂದರೆ ಯುದ್ಧೋತ್ಸಾಹದ ಕುರುಡು ರಾಷ್ಟ್ರಾಭಿಮಾನಕ್ಕೆ ಅದು ತಾಲೀಮು.

ಪರಿಚಯದ ಮಾತನ್ನು ಮೊದಲು ತೆಗೆದುಕೊಂಡರೆ, ಅದು ಬೇಕಾದದ್ದಕ್ಕಿಂತ ಹೆಚ್ಚನ್ನು ಸಾಧಿಸುತ್ತದೆ. ಗುರುತಿಲ್ಲದವರ ಸುಖದುಃಖದಲ್ಲಿ ಪಾಲ್ಗೊಳ್ಳುವುದು ಅವಿವೇಕವಾದರೆ, ವಿಯೆಟ್ನಾಂ, ಪೂರ್ವ ತಿಮೋರ್‌ಗಳ ಅಪರಿಚಿತರಿಗಾಗಿ ಚಾಮ್‌ಸ್ಕಿ ದಶಕಗಳ ಕಾಲ ಎತ್ತಿದ ದನಿಯೂ ಅವಿವೇಕವಾಗಬೇಕಾಗುತ್ತದೆ. ಅವರ ಪರವಾಗಿ ಕೂಡಲೇ ಉತ್ತರ ಬರುತ್ತದೆ: ಅಲ್ಲಿ ಜನ ಸಾಯುತ್ತಿದ್ದರು, ಸಾಯಿಸುವುದರಲ್ಲಿ ತಮ್ಮದೇ ಸರಕಾರದ ಕೈಯಿತ್ತು, ಆದ್ದರಿಂದ ಕಳವಳಕ್ಕೆ ಕಾರಣವಿತ್ತು. ಉತ್ತರ ಸರಿಯೇ. ಆದರೆ ಅದನ್ನು ಒಪ್ಪಿದೊಡನೆ ಪರಿಚಯದ ಪ್ರಶ್ನೆ ಬಿದ್ದುಹೋಗಿ, ಕಾರಣದ ಪ್ರಶ್ನೆ ಮಾತ್ರ ಉಳಿಯುತ್ತದೆ. ಮಿಷಿಗನ್ ಗೆಲ್ಲಲೆಂದು ಹಾರೈಸಲು ಈ ಲೇಖಕನಿಗಿರುವ ಕಾರಣವೆಂದರೆ, ಅರ್ಜಿ ಹಾಕಿದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿವೇತನ ಕೊಟ್ಟದ್ದು ಅದೊಂದೇ ಎಂಬುದು. ಕೊಲಂಬಸ್‌ನಿಂದ ಪತ್ರ ಬಂದಿದ್ದರೆ ಅವನು ಅಷ್ಟೇ ನಿಷ್ಠೆಯಿಂದ ಎದುರು ಬಣದಲ್ಲಿ ಕೂಗುತ್ತಿದ್ದ. ಆಕಸ್ಮಿಕವಾಗಿ ದೊರೆತದ್ದು ಎಂಬ ಮಾತ್ರಕ್ಕೆ ಒಲವು ಹುಸಿಯಾಗುವುದಿಲ್ಲ. ಊರು, ಮಾತೃಭಾಷೆ, ಒಡಹುಟ್ಟಿದವರು ಎಲ್ಲವೂ ಹಾಗೆ ದೊರೆತವೇ, ಮತ್ತು ತರ್ಕದಿಂದ ಆರಿಸಿಕೊಂಡ ತಮ್ಮನನ್ನು ಯಾರೂ ಕಂಡಿಲ್ಲ.

ತಲೆಬಾಗುವ ಅಭ್ಯಾಸದ ಆರೋಪಕ್ಕೆ ಚಾಮ್‌ಸ್ಕಿಯವರ ಮಾತಿನಲ್ಲೇ ಪ್ರತಿಸಾಕ್ಷಿ ಇದೆ. ಕಾರಿನ ರೇಡಿಯೋದಲ್ಲಿ ಕ್ರೀಡಾಚರ್ಚೆಗಳನ್ನು ಕೇಳಿದಾಗಲೆಲ್ಲ ಸಾಮಾನ್ಯ ಜನರ ಜ್ಞಾನ, ವಿಶ್ಲೇಷಣೆಯ ಆಳ, ಪರಿಣತರೊಡನೆ ಅಳುಕಿಲ್ಲದೆ ವಾದಿಸುವ ಅವರ ಧೈರ್ಯ ತಮ್ಮನ್ನು ಬೆರಗುಗೊಳಿಸುತ್ತದೆ ಎಂದು ಅವರು ಬೇರೊಂದೆಡೆ ಹೇಳಿದ್ದಾರೆ. ಈ ಬುದ್ಧಿಶಕ್ತಿ ರಾಜಕೀಯಕ್ಕೆ ಹರಿಯಬೇಕಿತ್ತೆಂಬುದು ಅವರ ವಿಷಾದ. ಆದರೆ ಎರಡು ಹೇಳಿಕೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತೊಡಕು ಕಾಣುತ್ತದೆ: ಅಧಿಕಾರಕ್ಕೆ ತಲೆಬಾಗುವುದನ್ನು ಕಲಿಸುವ ಶಾಲೆಯಿಂದ, ತರಬೇತುದಾರನ ಪ್ರತಿ ನಿರ್ಧಾರವನ್ನೂ ಹರಿದು ಚಿಂದಿ ಮಾಡುವ ವಿದ್ಯಾರ್ಥಿಗಳು ಹೊರಬರುವುದು ಹೇಗೆ? 13–10ರ ಸೋಲಿನ ಬಳಿಕ ಒಹಾಯೊ ಸ್ಟೇಟಿನ ಅಭಿಮಾನಿಗಳು ತಮ್ಮ ತರಬೇತುದಾರ ರಯಾನ್ ಡೇ ಅವರನ್ನು ವಜಾ ಮಾಡಬೇಕೆಂದು ಎಬ್ಬಿಸಿದ ಗದ್ದಲವನ್ನು ಕೇಳಿದವರು ಯಾರೂ ಅದನ್ನು ವಿಧೇಯತೆ ಎಂದು ಕರೆಯಲಾರರು. ಅಭಿಮಾನಿಯಷ್ಟು ಕೃತಘ್ನ ಪ್ರಜೆ ಯಾವ ಅರಸನಿಗೂ ಸಿಕ್ಕಿರಲಿಕ್ಕಿಲ್ಲ.

ಇಲ್ಲಿಗೆ ವಾದವನ್ನು ನಿಲ್ಲಿಸಿದ್ದರೆ ಸುಖವಾಗಿರುತ್ತಿತ್ತು. ಆದರೆ ಆ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಮಿಷಿಗನ್ ಆಟಗಾರರು ಎದುರಾಳಿಯ ಮೈದಾನದ ನಡುವೆ ತಮ್ಮ ಧ್ವಜವನ್ನು ನೆಡಲು ಹೋದರು, ಹೊಡೆದಾಟವಾಯಿತು, ಪೊಲೀಸರು ಕಣ್ಣುರಿಸುವ ಪೆಪ್ಪರ್ ಸ್ಪ್ರೇ ಬಳಸಿದರು. ಎರಡೂ ತಂಡಗಳು ಸೇರಿರುವ ಬಿಗ್ ಟೆನ್ ಒಕ್ಕೂಟ ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ 1 ಲಕ್ಷ ಡಾಲರ್ ದಂಡ ಹಾಕಿತು. ಮುಂದಿನ ತಿಂಗಳು ಒಹಾಯೊ ರಾಜ್ಯದ ಶಾಸಕರೊಬ್ಬರು ಆ ಕ್ರೀಡಾಂಗಣದಲ್ಲಿ ಧ್ವಜ ನೆಡುವುದನ್ನೇ ಗಂಭೀರ ಅಪರಾಧವಾಗಿಸುವ ಮಸೂದೆ ಮಂಡಿಸಿದರು. ಧ್ವಜ, ಗಡಿ, ಮಣ್ಣಿನ ಮಾನ, ಶಿಕ್ಷೆ: ಚಾಮ್‌ಸ್ಕಿ ಹೇಳಿದ ತಾಲೀಮಿಗೆ ಇದಕ್ಕಿಂತ ಸಮರ್ಪಕ ಚಿತ್ರವನ್ನು ಅವರ ಶಿಷ್ಯರೂ ಬರೆಯಲಾರರು. ಇನ್ನೂ ಹಿಂದಕ್ಕೆ ಹೋದರೆ, 2023ರಲ್ಲಿ ಎದುರಾಳಿಗಳ ಸಂಕೇತಗಳನ್ನು, ಅಂದರೆ ಆಟದ ತಂತ್ರವನ್ನು ಮೈದಾನಕ್ಕೆ ತಿಳಿಸುವ ಕೈಸನ್ನೆಗಳನ್ನು, ಮಿಷಿಗನ್ ತಂಡದ ಸಿಬ್ಬಂದಿ ನಿಯಮಬಾಹಿರವಾಗಿ ಸಂಗ್ರಹಿಸಿದರೆಂಬ ಆರೋಪದ ಮೇಲೆ ಹಾರ್ಬಾ ಅವರನ್ನು ಮೂರು ಪಂದ್ಯಗಳಿಗೆ ದೂರವಿಟ್ಟಾಗ, ಅಭಿಮಾನಿಗಳಲ್ಲಿ ಬಹುಮಂದಿ ಸಾಕ್ಷ್ಯವನ್ನು ಓದುವ ಮೊದಲೇ ತೀರ್ಪು ಕೊಟ್ಟಾಗಿತ್ತು. ಉದ್ಯೋಗದಲ್ಲಿ ಪುರಾವೆಯಿಲ್ಲದೆ ಒಂದು ವಾಕ್ಯವನ್ನೂ ಒಪ್ಪದ ಈ ಲೇಖಕನೂ ಆ ಬಹುಮಂದಿಯಲ್ಲೊಬ್ಬ. ತರಬೇತುದಾರನನ್ನು ಒಳಗಿನಿಂದ ಬೈಯುವ ಸ್ವಾತಂತ್ರ್ಯವೂ ಹೊರಗಿನವರೆದುರು ಅವನನ್ನು ಕಾಯುವ ಆತುರವೂ ಒಂದೇ ಎದೆಯಲ್ಲಿರಬಲ್ಲವು, ಮತ್ತು ರಾಷ್ಟ್ರಾಭಿಮಾನದ ಲಕ್ಷಣವೂ ನಿಖರವಾಗಿ ಇದೇ. ಆದ್ದರಿಂದ ಮೇಲೆ ಹೇಳಿದ ಪ್ರತಿಸಾಕ್ಷಿ ತೋರಿದಷ್ಟು ಬಲವಾದದ್ದಲ್ಲವೆಂದು ಒಪ್ಪಬೇಕಾಗುತ್ತದೆ.

ಇಷ್ಟು ಬಿಟ್ಟುಕೊಟ್ಟ ಮೇಲೂ, ಆ ಹರ್ಷವನ್ನು ಎದುರಾಳಿಯ ಮೇಲಿನ ದ್ವೇಷವಾಗಿ ಪೂರ್ತಿ ಕರಗಿಸಲು ಸಾಧ್ಯವೇ ಎಂಬುದನ್ನು ಪರೀಕ್ಷಿಸಲು ವಿಧಿಯೇ ಒಂದು ಪ್ರಯೋಗವನ್ನು ಏರ್ಪಡಿಸಿತು. ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್, ಅಂದರೆ ಸೋತವರು ಹೊರಬೀಳುವ ಅಂತಿಮ ಸುತ್ತುಗಳ ಸರಣಿ, ಆ ವರ್ಷವೇ ಮೊದಲ ಬಾರಿಗೆ 4 ತಂಡಗಳಿಂದ 12 ತಂಡಗಳಿಗೆ ಹಿಗ್ಗಿತ್ತು. ಮಿಷಿಗನ್‌ಗೆ ಸೋತರೂ ಎಂಟನೆಯ ಸ್ಥಾನದಲ್ಲಿ ಒಳನುಸುಳಿದ ಒಹಾಯೊ ಸ್ಟೇಟ್, ಟೆನೆಸೀ, ಒರೆಗಾನ್, ಟೆಕ್ಸಸ್‌ಗಳನ್ನು ಉರುಳಿಸಿ, 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೊಟ್ರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮಿಷಿಗನ್‌ನ ಗೆಲುವು ತನಗೆ ಪ್ರಶಸ್ತಿ ತರಲಿಲ್ಲ, ವೈರಿಯ ಪ್ರಶಸ್ತಿಯನ್ನು ತಡೆಯಲೂ ಇಲ್ಲ. ಈ ಲೇಖಕನ ಪಕ್ಕದ ಮನೆಯವರು ಒಹಾಯೊದವರು. ನವೆಂಬರಿನಿಂದ ಮಾತು ಕಡಿಮೆ ಮಾಡಿದ್ದ ಅವರು ಮರುದಿನ ಹಿಮ ಗೋರುತ್ತಿದ್ದಾಗ ಬೇಲಿಯ ಬಳಿ ಬಂದು, ಈಗ ನಿಮ್ಮ ಗೆಲುವಿಗೆ ಏನು ಬೆಲೆ ಎಂದು ವಿನಯದಿಂದಲೇ ಕೇಳಿದರು.

ಪ್ರಶ್ನೆ ಗಂಭೀರವಾದದ್ದು. ಮುಗಿದುಹೋದ ಘಟನೆಯ ಅರ್ಥವನ್ನು ನಂತರದ ಘಟನೆ ಬದಲಿಸಬಲ್ಲುದೇ? ದ್ವೇಷವೊಂದೇ ಆ ಹರ್ಷದ ಮೂಲವಾಗಿದ್ದರೆ, ವೈರಿಯ ಉತ್ಕರ್ಷದೊಡನೆ ಅದು ಬತ್ತಬೇಕಿತ್ತು. ಫೆಬ್ರವರಿಯಲ್ಲಿ ಆ ಪಂದ್ಯದ ಕೊನೆಯ ಸರದಿಯನ್ನು ಮತ್ತೆ ನೋಡಿದಾಗ ಆದದ್ದು ಬೇರೆ: ಎದುರಿಗಿದ್ದವರು ಚಾಂಪಿಯನ್ನರಾಗಲಿದ್ದಾರೆಂಬ ಅರಿವಿನಿಂದ ಪ್ರತಿಯೊಂದು ಗಜವೂ ಮೊದಲಿಗಿಂತ ದುಬಾರಿಯಾಗಿ ಕಂಡಿತು. ಒಂದೇ ಪ್ರಶಸ್ತಿ ಆ ಗೆಲುವಿನ ಉಪಯೋಗವನ್ನು ಕಿತ್ತುಕೊಂಡು, ಅದರ ಗಾತ್ರವನ್ನು ಬೆಳೆಸಿತ್ತು. ಉಪಯೋಗವೆಲ್ಲ ಕಳಚಿದ ಮೇಲೂ ಉಳಿಯುವ ಹರ್ಷವು ಉಪಯೋಗಕ್ಕಾಗಲಿ ದ್ವೇಷಕ್ಕಾಗಲಿ ಸಂಬಂಧಪಡದ್ದು, ಒಂದು ಕಠಿಣ ಕಾರ್ಯ ಕಣ್ಣೆದುರು ಸಾಧ್ಯವಾದದ್ದನ್ನು ಮೆಚ್ಚುವ ಭಾವ ಅದು ಎಂದು ಇಲ್ಲಿ ತೀರ್ಮಾನಿಸಬಹುದಿತ್ತು.

ಆದರೆ ಬರಿಯ ಮೆಚ್ಚುಗೆಯಾಗಿದ್ದರೆ ತಂಡದ ಹೆಸರು ಮುಖ್ಯವಾಗಬಾರದು. ಅದೇ ದಿನ ಅದೇ ರೀತಿಯ ಪವಾಡವನ್ನು ಬೇರೊಂದು ವಿಶ್ವವಿದ್ಯಾಲಯ ಮಾಡಿದ್ದರೆ ಈ ಲೇಖಕ ಮರುದಿನದ ಸುದ್ದಿಯಲ್ಲಿ ಓದಿ ತಲೆದೂಗಿ ಸುಮ್ಮನಾಗುತ್ತಿದ್ದ. ಹೆಸರೇ ಮುಖ್ಯವೆಂದರೆ, ಆ ಹೆಸರು ಯಾರದು? ಗೆಲುವಿನ ಒದೆತ ಒದ್ದ ಜ್ವಾಡಾ ಆರ್ಕನ್ಸಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಆ ವರ್ಷವಷ್ಟೇ ಬಂದವನು. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಗಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ, ಮೊದಲ ವರ್ಷ ಸುಮಾರು 2 ಕೋಟಿ ಡಾಲರ್‌ಗಳವರೆಗೆ, ಆಟಗಾರರಿಗೆ ಹಂಚಬಹುದು. ಇದು ನ್ಯಾಯವೇ, ಲಕ್ಷ ಜನರ ಕ್ರೀಡಾಂಗಣವನ್ನು ತುಂಬಿಸುವವರು ಬರಿಗೈಯಲ್ಲಿ ಹೋಗಬೇಕಿಲ್ಲ. ಆದರೆ ವರ್ಷವರ್ಷವೂ ಆಟಗಾರರೂ ತರಬೇತುದಾರರೂ ಬದಲಾಗುವಲ್ಲಿ, ಊರೂ ಬಣ್ಣವೂ ಕ್ರೀಡಾಂಗಣವೂ ಮಾತ್ರ ಉಳಿಯುವಲ್ಲಿ, ಹೆಸರನ್ನು ಒಂದು ವರ್ಷದಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುವವರು ಬಹುಪಾಲು ಅಭಿಮಾನಿಗಳೇ. 1897ರ ಪಂದ್ಯಕ್ಕೂ 2024ರ ಪಂದ್ಯಕ್ಕೂ ಇರುವ ನಂಟು ಯಾವ ಆಟಗಾರನ ಮೈಯಲ್ಲಿಯೂ ಇಲ್ಲ. ಈ ಅರ್ಥದಲ್ಲಿ, ನೋಡಿದವರಿಗೆ ಪಾಲಿಲ್ಲವೆಂಬ ಮಾತು ತಿರುಗುಮುರುಗಾಗಿದೆ: ಅಂಕಗಳು ಆಟಗಾರರವು, ಆದರೆ ಆ ಅಂಕಗಳನ್ನು ಮಿಷಿಗನ್‌ನ ಗೆಲುವನ್ನಾಗಿಸುವ ಪರಂಪರೆ ನೋಡುಗರದು.

ಇದು ಈ ಪ್ರಬಂಧ ತಲುಪಬಲ್ಲ ಅತ್ಯಂತ ಗಟ್ಟಿಯಾದ ನೆಲ, ಮತ್ತು ಅದೂ ಅಲುಗುತ್ತದೆ. 2020ರ ಕೊರೋನಾ ಋತುವಿನಲ್ಲಿ ಪ್ರೇಕ್ಷಕರಿಲ್ಲದ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದು, ಅಂಕಗಳು ದಾಖಲೆಯಲ್ಲಿ ಬೇರೆ ವರ್ಷಗಳ ಅಂಕಗಳ ಪಕ್ಕದಲ್ಲೇ ಕುಳಿತವು. ಯಾರೂ ಅವುಗಳನ್ನು ಅರ್ಧ ಗೆಲುವೆಂದು ಎಣಿಸಿಲ್ಲ. ಅದಕ್ಕಿಂತ ಮುಜುಗರದ ಸಂಗತಿಯೊಂದಿದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಮಿಷಿಗನ್‌ನ ಆ ಋತು ಮುಗಿದದ್ದು ಕೊಲಂಬಸ್‌ನಲ್ಲಲ್ಲ. ಡಿಸೆಂಬರ್ 31ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ, ಪ್ಲೇಆಫ್ ಸೇರದ ತಂಡಗಳಿಗೂ ದೊರೆಯುವ ‘ಬೌಲ್’ ಎಂಬ ಋತುವಿನ ಕೊನೆಯ ಆಮಂತ್ರಣ ಪಂದ್ಯವೊಂದರಲ್ಲಿ, ಮಲಿಂಗ್ಸ್ ಮತ್ತಿತರ ಪ್ರಮುಖರು ವೃತ್ತಿಪರ ಲೀಗಿನ ಆಯ್ಕೆಗಾಗಿ ಹೊರಗುಳಿದಿದ್ದಾಗ, ಉಳಿದ ಹುಡುಗರು ಅಲಬಾಮಾದಂಥ ಬಲಾಢ್ಯರನ್ನು 19–13ರಿಂದ ಸೋಲಿಸಿದರು. ಅದೂ ಕಠಿಣವಾದದ್ದೇ, ಅದೇ ಹೆಸರಿನ ಗೆಲುವೇ, ಅದೇ ಪರಂಪರೆಯದೇ. ಮೇಲಿನ ಎರಡೂ ಸಿದ್ಧಾಂತಗಳ ಪ್ರಕಾರ ಅದು ಕೊಲಂಬಸ್‌ನ ಗೆಲುವಿಗೆ ಹೆಗಲೆಣೆಯಾಗಿ ನಿಲ್ಲಬೇಕು. ಅದರಲ್ಲಿ ಇಲ್ಲದಿದ್ದದ್ದು ಒಂದೇ, ಬೇಲಿಯಾಚೆಯ ಮನೆಯ ಮೌನ. ಟ್ಯಾಂಪಾದ ಪಂದ್ಯವನ್ನು ಈ ಲೇಖಕ ಸಂತೋಷದಿಂದ ನೋಡಿದನಾದರೂ ಮತ್ತೊಮ್ಮೆ ಹಾಕಿ ನೋಡಬೇಕೆಂದು ಅವನಿಗೆ ಅನ್ನಿಸಿಲ್ಲ. ಅದೇಕೆಂದು ಚಾಮ್‌ಸ್ಕಿ ಕೇಳಿದರೆ ಅವರಿಗೆ ಕೊಡಲು ಈ ಪುಟಗಳಲ್ಲಿ ಉತ್ತರವಿಲ್ಲ. ಹುಬ್ಬೇರಿಸಿ ನಗುವವರಿಗೆ ಮಾತ್ರ, ಅವರು ವಾದಿಸಲು ಸಿದ್ಧರಾಗುವವರೆಗೆ, ಏನನ್ನೂ ಬಿಟ್ಟುಕೊಡಬೇಕಾಗಿಲ್ಲ.